ಅತ್ತಿಗೆಯ ಹಳದಿ ಅಂಗೈ

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಆಯಾ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿರಲಿಲ್ಲ, ಯಾಕೆಂದರೆ ಮಾಡುತ್ತಿದ್ದ ಕೆಲಸ ನಿಜಕ್ಕೂ ಆಯಾದೇ. ಮಕ್ಕಳ ಬದಲು ಕೋಶಗಳು, ಅಷ್ಟೇ ವ್ಯತ್ಯಾಸ. ಹೆಂಗಸರ ಸ್ತನದಿಂದ ತೆಗೆದ ಕೋಶಗಳು ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳ ತಳಕ್ಕೆ ಅಂಟಿಕೊಂಡು, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಬೆಳೆಯುತ್ತಿದ್ದವು. ಎರಡು ದಿನಕ್ಕೊಮ್ಮೆ ಅವಕ್ಕೆ ಊಟ ಬದಲಿಸಬೇಕು. ಜಾಗ ಇಕ್ಕಟ್ಟಾದರೆ ಬಿಡಿಸಿ ಬೇರೆ ಬಾಟಲಿಗೆ ಹಾಕಬೇಕು. ಅವುಗಳಲ್ಲಿ ಎರಡು ಜಾತಿ. ಕ್ಯಾನ್ಸರಿನವು ಪುಂಡರು, ಏನು ಕೊಟ್ಟರೂ ತಿಂದು ಬೆಳೆಯುತ್ತವೆ. ಆರೋಗ್ಯದವು ಮಹಾ ನಾಜೂಕು, ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟರೂ ಮುನಿಸಿಕೊಂಡು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಹದಿನೈದು ವರ್ಷ ಇವೆರಡನ್ನೂ ಸಾಕಿದ ಅವಳಿಗೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಸಾಕು, ಒಳಗಿರುವವರ ಕುಶಲ ತಿಳಿಯುತ್ತಿತ್ತು.

ಮದುವೆ ಗಿದುವೆ ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ, ಭಾನುವಾರ ಅಣ್ಣನ ಮನೆಯಲ್ಲಿ ಊಟ, ಇಷ್ಟರಲ್ಲೇ ನೆಮ್ಮದಿ. ಅಣ್ಣ ಸಿಟಿ ಬಸ್ಸಿನ ಡ್ರೈವರು, ಬಾಯಿ ಬಡುಕ. ಅತ್ತಿಗೆ ಟೈಲರು, ಮಾತು ಕಡಿಮೆ. ಅಮ್ಮ ತೀರಿಕೊಂಡಾಗ ಇವಳಿಗೆ ಒಂಬತ್ತು ವರ್ಷ. ಎರಡು ವರ್ಷದ ಮೇಲೆ ಅತ್ತಿಗೆ ಆ ಮನೆಗೆ ಬಂದರು, ಬಂದ ಮಾರನೇ ದಿನವೇ ಈ ಹುಡುಗಿಯ ಸಿಕ್ಕುಗಟ್ಟಿದ ತಲೆ ಬಾಚಿದರು, ಮೂರನೇ ದಿನ ಹರಿದ ಯೂನಿಫಾರಂ ಹೊಲಿದರು. ಆಮೇಲೆ ಅವಳಿಗೆ ಅಮ್ಮನಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಇವತ್ತಿಗೂ ಅವಳ ಬಟ್ಟೆಗಳ ಅಳತೆ ಅತ್ತಿಗೆಗೆ ಬಾಯಿಪಾಠ.

ಕತೆ ಶುರುವಾಗಿದ್ದು ಒಂದು ಭಾನುವಾರದ ಊಟದ ಮೇಜಿನಲ್ಲಿ.

ಆಗ ಲ್ಯಾಬಿನಲ್ಲಿ ತರಕಾರಿಯ ಬಣ್ಣಗಳ ಮೇಲೆ ಕೆಲಸ ನಡೆಯುತ್ತಿತ್ತು. ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ವಸ್ತು, ಟೊಮೆಟೊಗೆ ಕೆಂಪು ಕೊಡುವ ವಸ್ತು, ಸೊಪ್ಪಿನ ಹಸಿರಿನೊಳಗೆ ಅಡಗಿ ಕೂತ ಹಳದಿ, ಎಲ್ಲ ಒಂದೇ ಬಳಗ. ಅವುಗಳಿಗೆ ಕ್ಯಾರೊಟಿನಾಯ್ಡ್ ಎಂಬ ಹೆಸರು. ಇವನ್ನು ಹೆಚ್ಚು ತಿನ್ನುವ, ರಕ್ತದಲ್ಲಿ ಈ ಬಣ್ಣ ಹೆಚ್ಚಿರುವ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಬರುವುದು ಸ್ವಲ್ಪ ಕಡಿಮೆ ಎಂದು ಎಷ್ಟೋ ಕಡೆ ಲೆಕ್ಕ ಸಿಕ್ಕಿದೆ. ಹಾಗಾದರೆ ಆ ಬಣ್ಣ ಕೋಶಗಳಿಗೆ ಏನು ಮಾಡುತ್ತದೆ ಎಂದು ನೋಡುವುದು ಲ್ಯಾಬಿನ ಮುಖ್ಯಸ್ಥೆಯ ಕೆಲಸ. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೋಶಗಳಿಗೆ ಬಣ್ಣ ಉಣಿಸುವುದು ಆಯಾಳ ಕೆಲಸ. ಮೊದಲ ಸಲ ಕ್ಯಾರೆಟ್ ಬಣ್ಣ ಹಾಕಿದ ಮೂರನೇ ದಿನ ಅವಳು ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ಆ ಪುಂಡರೆಲ್ಲ ಮುದುಡಿ, ತಳ ಬಿಟ್ಟು, ಸತ್ತು ತೇಲುತ್ತಿದ್ದರು. ಪಕ್ಕದ ಬಣ್ಣವಿಲ್ಲದ ತಟ್ಟೆಯಲ್ಲಿ ಎಲ್ಲರೂ ದಷ್ಟಪುಷ್ಟ. ಹದಿನೈದು ವರ್ಷದಲ್ಲಿ ಅವಳು ಅಂಥದ್ದನ್ನು ನೋಡಿರಲಿಲ್ಲ.

ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. ಮೇಡಂ ಇನ್ನೂ ಎರಡು ಸಲ ಮಾಡಿ ನೋಡದೆ ಯಾರಿಗೂ ಹೇಳಬೇಡಿ ಎಂದಿದ್ದರು ನಿಜ. ಆದರೆ ಅಣ್ಣ ಯಾರೋ ಅಲ್ಲವಲ್ಲ. ಊಟದ ನಡುವೆ ಅವಳು ಚಮಚ ಕೆಳಗಿಟ್ಟು, "ಕ್ಯಾರೆಟ್ ಬಣ್ಣ ಹಾಕಿದ ತಟ್ಟೇಲಿ ಕ್ಯಾನ್ಸರ್ ಕೋಶ ಒಂದೂ ಉಳೀಲಿಲ್ಲ" ಅಂದಳು.

ಅಣ್ಣ ಬಾಯಿಗಿಟ್ಟ ತುತ್ತು ನುಂಗುವುದನ್ನೇ ಮರೆತ. ತನ್ನ ತಂಗಿ ಬಾಟಲಿ ತೊಳೆಯುವವಳು ಎಂದು ತಿಳಿದುಕೊಂಡಿದ್ದ ನೆಂಟರ ಮುಖಗಳೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಉಬ್ಬಿ ಹೋದ. ಕೈ ತೊಳೆದವನೇ ಹಳೆಯ ಕ್ಯಾಲೆಂಡರಿನ ಎರಡು ಹಾಳೆ ಹರಿದು, ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ಬರೆದ: "ದಿನಾ ಕ್ಯಾರೆಟ್ ತಿನ್ನಿ, ಎದೆಯ ಗಂಟು ಕರಗಿಸಿ. ಇದು ಲ್ಯಾಬಿನಿಂದ ಬಂದ ಸುದ್ದಿ." ಒಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಇನ್ನೊಂದು ಮಾರನೇ ದಿನ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ ಅಂಟಿಕೊಂಡಿತು. ಆಯಾ ಹಾಗಲ್ಲಣ್ಣ, ತಟ್ಟೆ ಬೇರೆ ಮೈ ಬೇರೆ ಎಂದು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಖುಷಿಯಾಗಿತ್ತು. ಅತ್ತಿಗೆ ಫ್ರಿಜ್ಜಿನ ಮುಂದೆ ನಿಂತು ಆ ಹಾಳೆಯನ್ನು ನಿಧಾನವಾಗಿ ಓದಿ, ಇವಳ ಬೆನ್ನು ತಟ್ಟಿ ಒಳಗೆ ಹೋದರು.

ಎರಡು ವಾರ ಕಳೆಯಿತು. ಅಷ್ಟರಲ್ಲಿ ಆರೋಗ್ಯದ ಕೋಶಗಳು ಬೆಳೆದು ಸಿದ್ಧವಾಗಿದ್ದವು. ಅದೇ ಕ್ಯಾರೆಟ್ ಬಣ್ಣವನ್ನು ಅವಕ್ಕೂ ಹಾಕಿದಳು. ಮೂರನೇ ದಿನ ನೋಡಿದರೆ ಅವೂ ಸತ್ತಿದ್ದವು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒಳ್ಳೆಯದು ಕೆಟ್ಟದ್ದು ಎರಡನ್ನೂ ಒಂದೇ ಸಮ ಕೊಂದಿದೆ ಎಂದರೆ ಇದು ಕ್ಯಾರೆಟ್ಟಿನ ಕೆಲಸ ಅಲ್ಲ, ಬೇರೆ ಏನೋ ಸೇರಿದೆ ಎಂದರು.

ಆಯಾ ನೋಟ್‌ಬುಕ್ಕು ತೆರೆದು ಸಾಲು ಸಾಲಾಗಿ ಓದಿಕೊಂಡು ಬಂದಳು. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೊಂದು ದ್ರಾವಕ ಬೇಕು. ಬಣ್ಣ ಹಾಕದ ತಟ್ಟೆಗೂ ಅದೇ ದ್ರಾವಕವನ್ನು ಅಷ್ಟೇ ಹಾಕಬೇಕು, ಆಗಲೇ ಹೋಲಿಕೆ ಸರಿ. ಅವಳು ಬಣ್ಣ ಕರಗಿಸುವಾಗ ಹಳೆಯ ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಸುರಿದು ಮುಗಿಸಿದ್ದಳು. ಪಕ್ಕದ ತಟ್ಟೆಗೆ ಹೊಸ ಬಾಟಲಿ ಒಡೆದಿದ್ದಳು. ವ್ಯರ್ಥ ಮಾಡಬಾರದೆಂಬ ಒಳ್ಳೆಯ ಬುದ್ಧಿ, ಇನ್ನೇನು. ತಿಂಗಳುಗಟ್ಟಲೆ ಗಾಳಿಯಾಡಿದ ಆ ಹಳೆಯ ದ್ರಾವಕ ಕೆಟ್ಟು ವಿಷವಾಗಿತ್ತು. ಪುಂಡರನ್ನು ಕೊಂದಿದ್ದು ಕ್ಯಾರೆಟ್ಟಲ್ಲ, ಆಯಾಳ ಜಿಪುಣತನ.

ಅವಳು ಮುಚ್ಚಿಡಲಿಲ್ಲ. ಹೋಗಿ ಹೇಳಿದಳು. ಮೇಡಂ ಬೈಯಲಿಲ್ಲ. ನೋಟ್‌ಬುಕ್ಕು ಅವಳ ಮುಂದೆ ತಳ್ಳಿದರು, ಅಷ್ಟೇ. ಆ ಲ್ಯಾಬಿನಲ್ಲಿ ತಪ್ಪು ತಿದ್ದಲು ಒಂದು ಕ್ರಮವಿತ್ತು. ಅಳಿಸುವ ಹಾಗಿಲ್ಲ, ಬಿಳಿ ಬಣ್ಣ ಬಳಿಯುವ ಹಾಗಿಲ್ಲ, ಹಾಳೆ ಹರಿಯುವ ಹಾಗಂತೂ ಇಲ್ಲವೇ ಇಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಸಹಿ. ಅದನ್ನು ಕಣ್ಣಾರೆ ನೋಡಿದ ಇನ್ನೊಬ್ಬರ ಸಹಿ. ಯಾಕೆ ಹೀಗೆ ಎಂದು ಯಾರಾದರೂ ಹೊಸಬರು ಕೇಳಿದರೆ, ಈ ತಪ್ಪು ಒಂದು ಸಲ ಆಗಿದೆ ಅಂತ ಮುಂದಿನವರಿಗೆ ಗೊತ್ತಾಗಲಿ ಎನ್ನುತ್ತಿದ್ದರು ಮೇಡಂ. ಆಯಾ ಗೆರೆ ಎಳೆದಳು, ಬರೆದಳು, ಸಹಿ ಹಾಕಿದಳು. ಮೇಡಂ ಪಕ್ಕದಲ್ಲಿ ಸಹಿ ಹಾಕಿ ಟೀ ತರಿಸಿದರು. ಒಳ್ಳೆಯ ದ್ರಾವಕದಲ್ಲಿ ಮತ್ತೆ ಮಾಡಿದಾಗ ಆರೋಗ್ಯದ ಕೋಶಗಳು ಏನೂ ಆಗದಂತೆ ಇದ್ದವು. ಕ್ಯಾನ್ಸರಿನವು ಬೆಳೆಯುವುದು ಸ್ವಲ್ಪ ನಿಧಾನವಾಯಿತು. ನಿಧಾನ ಅಷ್ಟೇ, ಸಾಯಲಿಲ್ಲ. ಮೇಡಂಗೆ ಅಷ್ಟೇ ಸಾಕಿತ್ತು, ಖುಷಿಯಾಗಿದ್ದರು.

ಲ್ಯಾಬಿನಲ್ಲಿ ತಿದ್ದಿದಳು. ಮನೆಯಲ್ಲಿ ತಿದ್ದಲಿಲ್ಲ.

ಬೇಕೆಂದೇ ಅಲ್ಲ. ಪ್ರತಿ ಭಾನುವಾರ ಹೇಳಬೇಕೆಂದೇ ಹೋಗುತ್ತಿದ್ದಳು. ಫ್ರಿಜ್ಜಿನ ಮೇಲೆ ಹಾಳೆ ಇರುತ್ತಿತ್ತು, ಅಣ್ಣ ಬಸ್ಸಿನಲ್ಲಿ ಯಾರು ಏನು ಕೇಳಿದರು ಎಂದು ಶುರು ಮಾಡುತ್ತಿದ್ದ. ಅವನ ಕಂಡಕ್ಟರಮ್ಮ, ಚಿಲ್ಲರೆ ಕೊಡದ ಪ್ರಯಾಣಿಕರನ್ನು ಕಣ್ಣಲ್ಲೇ ಸುಡುವ ಹೆಂಗಸು, ಅವಳು ಕೂಡ ಹಾಳೆ ಓದಿ ಬುತ್ತಿಯಲ್ಲಿ ಕ್ಯಾರೆಟ್ ತರಲು ಶುರು ಮಾಡಿದ್ದಾಳಂತೆ. ಕೇಳಿ ಕೇಳಿ ಆಯಾ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕ್ಯಾರೆಟ್ ತಿಂದರೆ ಯಾರಿಗೇನು ಕೆಡುಕು, ಒಳ್ಳೆಯದೇ ಅಲ್ಲವೆ, ಈ ವಾರ ಬೇಡ ಎನ್ನಿಸುತ್ತಿತ್ತು. ಹೀಗೆ ಒಂದು ವಾರ ಹೋಗಿ ಮೂರು ತಿಂಗಳಾಯಿತು.

ಆ ಭಾನುವಾರ ಅವಳು ಹೋದಾಗ ಮನೆಯಲ್ಲಿ ಗಲಾಟೆಯೇ ಗಲಾಟೆ. ಅತ್ತಿಗೆ ಬೆಳಿಗ್ಗೆ ಬಿಳಿ ಬಟ್ಟೆ ಕತ್ತರಿಸುತ್ತಿದ್ದರಂತೆ, ಬಿಳಿಯ ಮೇಲೆ ಅವರ ಕೈ ಎದ್ದು ಕಂಡಿದೆ, ಅಂಗೈ ಪೂರ್ತಿ ಹಳದಿ. ಅಣ್ಣ ಕಾಮಾಲೆ ಎಂದು ತೀರ್ಮಾನ ಮಾಡಿ, ಪಥ್ಯದ ಪಟ್ಟಿ ಕೂಡ ಯಾರನ್ನೋ ಕೇಳಿ ಬರೆದುಕೊಂಡಿದ್ದ. ಅತ್ತಿಗೆ ಏನೂ ಆಗಿಲ್ಲ ಎನ್ನುತ್ತ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು.

ಆಯಾ ಅತ್ತಿಗೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು. ಕಣ್ಣ ರೆಪ್ಪೆ ಎಳೆದು ನೋಡಿದಳು, ಬಿಳಿ ಭಾಗ ಹಾಲಿನಷ್ಟು ಬೆಳ್ಳಗಿತ್ತು. ಕಾಮಾಲೆಯಾದರೆ ಮೊದಲು ಹಳದಿಯಾಗುವುದೇ ಅದು. ಪಾದ ಎತ್ತಿಸಿ ನೋಡಿದಳು, ಅಂಗಾಲೂ ಹಳದಿ, ಮೂಗಿನ ಪಕ್ಕದ ಮಡಿಕೆಯೂ ಹಳದಿ. ಲ್ಯಾಬಿನಲ್ಲಿ ಬಣ್ಣದ ಬಾಟಲಿ ಹಿಡಿದು ಹಿಡಿದು ಆ ಹಳದಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದು ಕಾಮಾಲೆಯಲ್ಲ, ಕ್ಯಾರೆಟ್ಟು, ತಿಂದ ಬಣ್ಣ ಚರ್ಮದಲ್ಲಿ ಕೂತಿದೆ, ತಿನ್ನುವುದು ಕಡಿಮೆ ಮಾಡಿದರೆ ತಾನೇ ಹೋಗುತ್ತದೆ ಎಂದು ನಕ್ಕಳು. ಅಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಪಥ್ಯದ ಪಟ್ಟಿ ಮುದ್ದೆ ಮಾಡಿ ಎಸೆದ. "ಸಿಗ್ನಲ್ಲಲ್ಲಿ ನೀನು ಸುಮ್ನೆ ಕೈ ತೋರ್ಸು ಸಾಕು, ನನ್ನ ಬಸ್ಸು ತಾನೇ ನಿಧಾನ ಆಗುತ್ತೆ" ಎಂದು ಹೆಂಡತಿಯನ್ನು ರೇಗಿಸಿದ. ಅತ್ತಿಗೆಯೂ ನಕ್ಕರು, ಎಲ್ಲರೂ ನಗುತ್ತಲೇ ಊಟ ಮಾಡಿದರು.

ತಟ್ಟೆ ತೊಳೆಯುವಾಗ ಆಯಾಳ ನಗು ನಿಂತಿತು. ಪ್ರಮಾಣ ಲೆಕ್ಕ ಹಾಕುವುದು ಅವಳಿಗೆ ಉಸಿರಾಡಿದ ಹಾಗೆ. ಊಟದ ಜೊತೆ ಒಂದು ಕ್ಯಾರೆಟ್ ತಿಂದರೆ ಯಾರ ಕೈಯೂ ಹಳದಿಯಾಗುವುದಿಲ್ಲ. ಅದೇ ಮೇಜಿನಲ್ಲಿ ಅದೇ ಊಟ ಮಾಡುವ ಅಣ್ಣನ ಕೈ ಎಂದಿನ ಹಾಗೇ ಇದೆ. ಕಾಲಿನವರೆಗೂ ಬಣ್ಣ ಇಳಿಯಬೇಕಾದರೆ ದಿನಾ ರಾಶಿ ರಾಶಿ ತಿನ್ನಬೇಕು, ಅದೂ ತಿಂಗಳುಗಟ್ಟಲೆ, ಅದೂ ಯಾರಿಗೂ ಕಾಣದ ಹಾಗೆ. ಅವಳು ಬಗ್ಗಿ ಹಿಟ್ಟಿನ ಡಬ್ಬದ ಹಿಂದೆ ನೋಡಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾರೆಟ್ಟಿನ ದೊಡ್ಡ ಗಂಟು ಇತ್ತು.

ಅತ್ತಿಗೆ ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತಿದ್ದರು. ಆಗ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಅತ್ತಿಗೆಯ ರವಿಕೆ ಎಡಗಡೆ ಸಡಿಲವಾಗಿತ್ತು. ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟು ಮತ್ತೆ ಹಾಕಿದ್ದು, ಹಳೆಯ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಬಲಗಡೆ ಬಿಗಿ, ಎಡಗಡೆ ಸಡಿಲ. ಊರಿಗೆಲ್ಲ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಹೊಲಿಯುವ ಹೆಂಗಸು ಹಾಗೆ ಮಾಡಿಕೊಂಡಿದ್ದಾರೆ ಎಂದರೆ ಬಿಗಿಯಾಗಿದ್ದರೆ ನೋಯುತ್ತಿರಬೇಕು.

"ಅತ್ತಿಗೆ, ಎಡಗಡೆ ಹೊಲಿಗೆ ಯಾಕೆ ಬಿಚ್ಚಿದೀರಿ?"

ಅತ್ತಿಗೆ ತಟ್ಟೆಯನ್ನು ಒರೆಸಿದ್ದನ್ನೇ ಒರೆಸಿದರು. ಆಮೇಲೆ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಹಾಕಿ, ಸ್ಟೂಲಿನ ಮೇಲೆ ಕೂತರು.

"ಶರ್ಟಿನ ಗುಂಡಿಯಷ್ಟಿತ್ತು. ಈಗ ಕೋಟಿನ ಗುಂಡಿ ಆಗಿದೆ. ನಿಮ್ಮಣ್ಣ ಆ ಹಾಳೆ ಅಂಟಿಸಿದ್ನಲ್ಲ, ಆ ವಾರವೇ ಕೈಗೆ ಸಿಕ್ಕಿದ್ದು. ನಮ್ಮಮ್ಮ ಹೋಗಿದ್ದೂ ಇದ್ರಲ್ಲೇ, ನಿನಗೆ ಗೊತ್ತಲ್ಲ. ಆಸ್ಪತ್ರೇಲಿ ಅವಳು ಪಟ್ಟ ಪಾಡು ನೋಡಿದ ಮೇಲೆ ನನಗೆ ಆ ಮೆಟ್ಟಿಲು ಹತ್ತೋ ಧೈರ್ಯ ಇಲ್ಲ. ನೀನೇ ಹೇಳಿದ್ದೀಯಲ್ಲ, ಒಂದೂ ಉಳೀಲಿಲ್ಲ ಅಂತ. ಅದಕ್ಕೇ ತಿಂತಾ ಇದೀನಿ. ಇನ್ನೂ ಸ್ವಲ್ಪ ಜಾಸ್ತಿ ತಿನ್ಬೇಕೇನೋ."

ಕೊನೆಯ ಮಾತನ್ನು ಅವರು ಕೇಳಿದ್ದು ಡಾಕ್ಟರನ್ನು ಕೇಳುವ ಹಾಗೆ. ತಾನು ತಲೆ ಬಾಚಿ ಬೆಳೆಸಿದ ಹುಡುಗಿಯನ್ನು, ನಂಬಿ, ಇನ್ನೆಷ್ಟು ತಿನ್ನಲಿ ಎಂದು ಕೇಳುತ್ತಿದ್ದರು. ಆಯಾಳಿಗೆ ಅಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೆ ಎನ್ನಿಸಿತು. ಅವಳು ಒದ್ದೆ ಕೈಯಲ್ಲೇ ಅತ್ತಿಗೆಯ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹಳೆ ಬಾಟಲಿ, ಹೊಸ ಬಾಟಲಿ, ಸತ್ತ ಆರೋಗ್ಯದ ಕೋಶ, ನೋಟ್‌ಬುಕ್ಕಿನ ಗೆರೆ, ಒಂದನ್ನೂ ಬಿಡಲಿಲ್ಲ. ಕ್ಯಾರೆಟ್ ಒಳ್ಳೆಯದು, ಆದರೆ ಬಂದ ಗಂಟನ್ನು ಕರಗಿಸುವ ಔಷಧಿ ಅಲ್ಲ, ಎಂದೂ ಆಗಿರಲಿಲ್ಲ ಎಂದಳು.

ಅತ್ತಿಗೆ ಕೇಳಿಸಿಕೊಂಡರು. "ಇದು ನಿನಗೆ ಯಾವಾಗ ಗೊತ್ತಾಯ್ತು?"

"ಮೂರು ತಿಂಗಳಾಯ್ತು."

"ಮೂರು ತಿಂಗಳಿಂದ ಪ್ರತಿ ಭಾನುವಾರ ಬಂದು ಊಟ ಮಾಡ್ಕೊಂಡು ಹೋಗಿದೀಯ."

ಅತ್ತಿಗೆ ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಆಯಾ ಬಿಕ್ಕಿ ಬಿಕ್ಕಿ ಅತ್ತಳು, ಅತ್ತಿಗೆ ಸ್ವಲ್ಪ ಹೊತ್ತು ಅಳಲು ಬಿಟ್ಟರು, ಆಮೇಲೆ ಅದೇ ಹಳದಿ ಕೈಯಿಂದ ಅವಳ ತಲೆ ಸವರಿದರು. ನಾಳೆ ಬೆಳಿಗ್ಗೆ ನೀನೂ ಜೊತೆಗೆ ಬರುವುದಾದರೆ ಆ ಮೆಟ್ಟಿಲು ಹತ್ತುತ್ತೇನೆ ಎಂದರು.

ಸೋಮವಾರ ಆಯಾ ಲ್ಯಾಬಿಗೆ ರಜೆ ಹಾಕಿದಳು. ವಿಷಯ ತಿಳಿದ ಅಣ್ಣ ಜೀವನದಲ್ಲಿ ಮೊದಲ ಸಲ ಮಾತಿಲ್ಲದೆ ಕೂತಿದ್ದ, ಅವನನ್ನು ಡ್ಯೂಟಿಗೆ ಕಳಿಸುವುದೇ ಒಂದು ಕೆಲಸವಾಯಿತು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸಾಲು ಕುರ್ಚಿ, ಗೋಡೆಯ ಮೇಲೆ ಸದ್ದಿಲ್ಲದ ಟೀವಿ, ಕೈಯಲ್ಲಿ ನಂಬರಿನ ಚೀಟಿ ಹಿಡಿದ ಹೆಂಗಸರು. ಅತ್ತಿಗೆ ಎದುರಿಗೆ ಕೂತವರ ಬಟ್ಟೆಯ ಹೊಲಿಗೆಗಳನ್ನು ನೋಡಿ, ಆ ತೋಳು ಕೂಡಿಸಿದ್ದು ಸರಿಯಿಲ್ಲ, ಈ ಕಾಲರು ತಿರುಗಿದೆ ಎಂದು ಪಿಸುಗುಟ್ಟುತ್ತಿದ್ದರು. ಅದು ಭಯಕ್ಕೆ ಎಂದು ಆಯಾಳಿಗೆ ಗೊತ್ತಿತ್ತು. ಅವಳೂ ಹೌದು ಹೌದು ಎನ್ನುತ್ತ ಅವರ ಕೈ ಬಿಡದೆ ಹಿಡಿದುಕೊಂಡಿದ್ದಳು.

ಡಾಕ್ಟರಮ್ಮ ವಯಸ್ಸಾದವರು, ಅವಸರವಿಲ್ಲದವರು. ಕೈಯಿಂದ ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿದರು, ಪರದೆಯ ಮೇಲೆ ಕಪ್ಪಗೆ ದುಂಡಗೆ ಕಂಡದ್ದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಸಣ್ಣ ಸೂಜಿ ಚುಚ್ಚಿ ಎಳೆದಾಗ ತಿಳಿಯಾದ ನೀರು ಬಂತು. ಕೋಟಿನ ಗುಂಡಿ ಅತ್ತಿಗೆಯ ಕಣ್ಣೆದುರಿಗೇ ಇಳಿದು ಇಲ್ಲವಾಯಿತು. ನೀರು ತುಂಬಿದ ಚೀಲ, ಬೇರೇನೂ ಅಲ್ಲ, ಎಷ್ಟೋ ಹೆಂಗಸರಿಗೆ ಬರುತ್ತದೆ ಎಂದರು. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದು ಚೀಟಿ ಬರೆದರು. ಬರೆಯುತ್ತ ಕೈಯ ಬಣ್ಣ ನೋಡಿ ವಿಷಯ ಕೇಳಿ ತಿಳಿದುಕೊಂಡರು. "ಇದು ನೀರು ಅಂತ ನಮಗೆ ಈಗ ಗೊತ್ತಾಯ್ತು. ನಾಲ್ಕು ತಿಂಗಳಿಂದ ನಿಮಗೆ ಗೊತ್ತಿರ್ಲಿಲ್ಲ. ಬೇರೆ ಏನಾದ್ರೂ ಆಗಿದ್ದಿದ್ರೆ ಆ ನಾಲ್ಕು ತಿಂಗಳನ್ನ ನಾನು ವಾಪಸ್ ತಂದುಕೊಡೋಕಾಗ್ತಿರ್ಲಿಲ್ಲಮ್ಮ" ಅಂದರು. ಅತ್ತಿಗೆಗೆ ಹೇಳಿದ ಮಾತು, ಆದರೆ ತಲೆ ತಗ್ಗಿಸಿದವಳು ಆಯಾ.

ಮೆಟ್ಟಿಲು ಇಳಿದು ಬೀದಿಗೆ ಬಂದದ್ದೇ ಅತ್ತಿಗೆ ನಿಂತುಬಿಟ್ಟರು. ಹಸಿವಾಗುತ್ತಿದೆ ಎಂದರು. ಎದುರಿನ ಹೋಟೆಲಿನಲ್ಲಿ ಇಬ್ಬರೂ ಗಡದ್ದಾಗಿ ತಿಂದರು. ಪಲ್ಯದಲ್ಲಿ ನಾಲ್ಕು ಚೂರು ಕ್ಯಾರೆಟ್ ಇತ್ತು, ಅತ್ತಿಗೆ ಅವನ್ನು ಒಂದೊಂದಾಗಿ ಆರಿಸಿ ಆಯಾಳ ತಟ್ಟೆಗೆ ಹಾಕಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು.

ಅಲ್ಲಿಂದ ನೇರ ಮನೆಗೆ ಬಂದು ಆಯಾ ಮಾಡಿದ ಮೊದಲ ಕೆಲಸ ಫ್ರಿಜ್ಜಿನ ಮುಂದೆ ನಿಂತದ್ದು. ಹಾಳೆ ಹರಿಯಲು ಅತ್ತಿಗೆ ಕೈ ಹಾಕಿದರು, ಅವಳು ತಡೆದಳು. ಅತ್ತಿಗೆಯ ಅಳತೆಪಟ್ಟಿ ಇಟ್ಟು ಅಣ್ಣನ ಬರಹದ ಮೇಲೆ ಒಂದೇ ಗೆರೆ ಎಳೆದಳು. ಕೆಳಗಿನ ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ಅದರಡಿ ಬರೆದಳು: "ನಾನು ಹೇಳಿದ್ದು ತಪ್ಪು. ಕ್ಯಾರೆಟ್ ತಿನ್ನಿ, ಒಳ್ಳೆಯದು. ಗಂಟು ಕೈಗೆ ಸಿಕ್ಕರೆ ಅದೇ ವಾರ ಡಾಕ್ಟರಿಗೆ ತೋರಿಸಿ." ತಾರೀಕು ಹಾಕಿದಳು, ಸಹಿ ಮಾಡಿದಳು. ಕಣ್ಣಾರೆ ನೋಡಿದವರು ಸಹಿ ಹಾಕಬೇಕು ಎಂದು ಪೆನ್ನನ್ನು ಅತ್ತಿಗೆಗೆ ಕೊಟ್ಟಳು. ಸಂಜೆ ಬಂದ ಅಣ್ಣ ಒಳ್ಳೆಯ ಸುದ್ದಿ ಕೇಳಿ ಹೆಂಡತಿಯ ಎರಡು ಕೈಯನ್ನೂ ಹಿಡಿದುಕೊಂಡು ಬಹಳ ಹೊತ್ತು ಕೂತ. ಆಮೇಲೆ ಹಾಳೆ ಓದಿದ, ಮುಖ ಇಂಗು ತಿಂದ ಮಂಗನ ಹಾಗಾಯಿತು. "ಬಸ್ಸಲ್ಲಿರೋದು?" ಅಂದ.

ಬಸ್ಸಿನಲ್ಲಿರುವುದು ಆಯಾಳಿಗೆ ಮರೆತೇ ಹೋಗಿತ್ತು.

ಮಾರನೇ ದಿನ ಮೊದಲ ಟ್ರಿಪ್ಪಿಗೇ ಅವಳು ಬಸ್ಸು ಹತ್ತಿದಳು. ಏಳೆಂಟು ಜನ ಪ್ರಯಾಣಿಕರಿದ್ದರು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿದ್ದರೂ ಡ್ರೈವರ್ ಸೀಟಿನ ಹಿಂದೆ ನಿಂತು ಗೆರೆ ಎಳೆದಳು, ಬರೆದಳು. ಅರ್ಧದಲ್ಲಿ ಅವಳ ಪೆನ್ನು ಕೈ ಕೊಟ್ಟಿತು. ಹಿಂದಿನಿಂದ ಒಂದು ಕೈ ಚಾಚಿ ಇನ್ನೊಂದು ಪೆನ್ನು ಕೊಟ್ಟಿತು. ಕಿಟಕಿಯ ಬೆಳಕು ಆ ಅಂಗೈ ಮೇಲೆ ಬಿದ್ದಿತ್ತು. ಹಳದಿ, ಅತ್ತಿಗೆಯದಕ್ಕಿಂತ ಗಾಢ.

ಆಯಾ ತಿರುಗಿ ನೋಡಿದರೆ ಕಂಡಕ್ಟರಮ್ಮ. ಆಯಾ ಉಳಿದದ್ದನ್ನು ಬರೆದು ಸಹಿ ಹಾಕಿ, ನೋಡಿದವರ ಸಹಿಗೆ ಜಾಗ ಬಿಟ್ಟಳು. ಕಂಡಕ್ಟರಮ್ಮ ಹಾಳೆಯನ್ನು ಓದುತ್ತಿದ್ದಳು. ಹೊಸದನ್ನು ಓದಿ, ಗೆರೆಯ ಕೆಳಗಿನ ಹಳೆಯದನ್ನು ಓದಿ, ಮತ್ತೆ ಹೊಸದನ್ನು ಓದಿದಳು. ಟಿಕೆಟ್ ಕೊಡಲು ಹಿಂದಕ್ಕೆ ಹೋದಳು. ಆಯಾ ಇಳಿಯಬೇಕಾದ ಸ್ಟಾಪು ಬಂತು, ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಳು.

"ನಿಮ್ಮಣ್ಣ ನಿನ್ನೆ ಹೇಳಿದ್ರು. ನಿಮ್ಮತ್ತಿಗೆ ಯಾವ ಡಾಕ್ಟರ್ ಹತ್ರ ಹೋಗಿದ್ರು?"

ಆ ದಿನವೇ ಕರೆದುಕೊಂಡು ಹೋದರು. ಆಯಾ ಲ್ಯಾಬಿಗೆ ಹೋಗಲೇಬೇಕಿತ್ತು, ಕೋಶಗಳ ಊಟದ ದಿನ. ಜೊತೆಗೆ ಹೋದದ್ದು ಅತ್ತಿಗೆ. ನಿನ್ನೆ ತಾನೇ ಆ ಮೆಟ್ಟಿಲು ಹತ್ತಲು ಹೆದರಿದ್ದವರು ಇವತ್ತು ಕಂಡಕ್ಟರಮ್ಮನ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದರಂತೆ. ಅದೇ ಸಾಲು ಕುರ್ಚಿಯಲ್ಲಿ ಇಬ್ಬರೂ ಹಳದಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ನೋಡಿ ನರ್ಸು ಗಾಬರಿಯಾಗಿ, ಕಾಮಾಲೆಯವರು ಪಕ್ಕದ ಕಟ್ಟಡಕ್ಕೆ ಹೋಗಬೇಕು ಎಂದಳಂತೆ. ಅತ್ತಿಗೆ ಕಣ್ಣ ರೆಪ್ಪೆ ಎಳೆದು ತೋರಿಸಿ ಅವಳಿಗೆ ಪಾಠ ಹೇಳಿಕೊಟ್ಟರಂತೆ. ಇದನ್ನೆಲ್ಲ ಅತ್ತಿಗೆ ಆಮೇಲೆ ನಗುತ್ತ ಹೇಳಿದರು. ನಗದೆ ಹೇಳಿದ್ದು ಒಂದೇ, ಸೂಜಿ ಚುಚ್ಚಿದಾಗ ನೀರು ಬರಲಿಲ್ಲ.

ವಾರದ ಮೇಲೆ ತಿಳಿಯಿತು, ಅದು ಕ್ಯಾನ್ಸರೇ. ಚಿಕ್ಕದು, ಶರ್ಟಿನ ಗುಂಡಿಗಿಂತಲೂ ಚಿಕ್ಕದು, ಎಲ್ಲೂ ಹರಡಿರಲಿಲ್ಲ. ಸರಿಯಾದ ಸಮಯಕ್ಕೆ ಬಂದಿದ್ದೀರಿ, ತೆಗೆದುಹಾಕಿ ಗುಣ ಮಾಡಬಹುದು ಎಂದರು ಡಾಕ್ಟರಮ್ಮ. ಆಯಾ ಆ ರಾತ್ರಿ ಊಟ ಮಾಡಲಿಲ್ಲ. ತನ್ನ ಒಂದು ಮಾತು ಎಲ್ಲೆಲ್ಲಿಗೆ ಹೋಗಿ ಯಾರ್ಯಾರ ಮೈಯಲ್ಲಿ ಕೂತಿದೆಯೋ ಎಂದು ಯೋಚಿಸಿದಳು. ತಡಮಾಡಿಸಿದ್ದೂ ತಾನೇ, ಕರೆತಂದದ್ದೂ ತಾನೇ, ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾರನೇ ದಿನ ಮೇಡಂ ಎದುರು ಕೂತು ಎಲ್ಲ ಹೇಳಿಕೊಂಡಳು. ಮೇಡಂ ತಿದ್ದಿದಿರಲ್ಲ, ಇನ್ನು ಮುಂದೆ ಕಾಯಬೇಡಿ ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು.

ಆಪರೇಷನ್ ಆಯಿತು, ಔಷಧಿಗಳಾದವು. ಕಂಡಕ್ಟರಮ್ಮನ ಒಳ ಉಡುಪಿಗೆ ಎಡಗಡೆ ಹತ್ತಿಯ ಮೆತ್ತೆ ಇಟ್ಟು ಅತ್ತಿಗೆಯೇ ಹೊಲಿದುಕೊಟ್ಟರು, ಎರಡು ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ. ತಮ್ಮ ರವಿಕೆಯ ಹೊಲಿಗೆಯನ್ನೂ ಮತ್ತೆ ಬಿಗಿ ಮಾಡಿಕೊಂಡರು. ಭಾನುವಾರದ ಊಟಕ್ಕೆ ಈಗ ನಾಲ್ಕು ತಟ್ಟೆ. ಅಣ್ಣನ ಬಾಯಿ ಮೊದಲಿನ ಹಾಗೇ ನಡೆಯುತ್ತಿತ್ತು, ಆದರೆ ಆಯಾ ಲ್ಯಾಬಿನ ಸುದ್ದಿ ಹೇಳಿದರೆ ಮಾತ್ರ, ಎಷ್ಟು ಸಲ ಮಾಡಿ ನೋಡಿದ್ರಿ ಎಂದು ಮೊದಲು ಕೇಳುತ್ತಿದ್ದ. ಅತ್ತಿಗೆಯ ಅಂಗೈ ಬಣ್ಣ ದಿನದಿನಕ್ಕೆ ತಿಳಿಯಾಗಿ ಒಂದು ದಿನ ಬಿಳಿ ಬಟ್ಟೆಯ ಮೇಲೆ ಎಂದಿನ ಅಂಗೈಯಾಯಿತು.

ಆರು ತಿಂಗಳ ಮೇಲೆ ಕಂಡಕ್ಟರಮ್ಮ ಡ್ಯೂಟಿಗೆ ಹಾಜರಾದಳು. ಸ್ವಲ್ಪ ಇಳಿದಿದ್ದಳು, ಕಣ್ಣಿನ ಬೆಂಕಿ ಹಾಗೇ ಇತ್ತು. ಅವಳು ಬರುವ ದಿನ ನೋಡಬೇಕೆಂದು ಆಯಾ ಬೆಳಗಿನ ಟ್ರಿಪ್ಪಿಗೇ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಾಳೆ ಅಲ್ಲೇ ಇತ್ತು, ಅಂಚು ಸುರುಳಿಯಾಗಿತ್ತು, ಗೆರೆಯ ಕೆಳಗೆ ತಪ್ಪು ಕಾಣುತ್ತಿತ್ತು. ಕಂಡಕ್ಟರಮ್ಮ ಅದರ ಮುಂದೆ ನಿಂತು, ಕಿವಿಯ ಹಿಂದಿನಿಂದ ಪೆನ್ನು ತೆಗೆದು, ನೋಡಿದವರ ಸಹಿಗೆ ಬಿಟ್ಟಿದ್ದ ಖಾಲಿ ಜಾಗದಲ್ಲಿ ತನ್ನ ಸಹಿ ಹಾಕಿ ತಾರೀಕು ಬರೆದಳು. ಆಮೇಲೆ ಸೀಟಿ ಊದಿದಳು, ಅಣ್ಣ ಬಸ್ಸು ಹೊರಡಿಸಿದ.